ಹುಲ್ಲು ಕಚ್ಚುವ ದಿನ

ಶ್ರಾವಣದ ಒಂದು ಮುಂಜಾನೆ ಶೇವ್ರಿ ಹಗ್ಗ ಜಗ್ಗಿ ಒದರಲು ಶುರುಮಾಡಿದಾಗ ದ್ರೌಪದಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದು ನೋಡಿದರೆ ಆಕಳು ಬೆದೆಗೆ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ದ್ರೌಪದಿ ಮಾತ್ರ ಹಿಟ್ಟು ಮೆತ್ತಿದ ಬೆರಳುಗಳ ಮೇಲೆ ತಿಂಗಳು ಎಣಿಸಿದಳು. ಭಾದ್ರಪದ, ಆಶ್ವೀಜ, ಕಾರ್ತೀಕ ಎಂದು ಎಣಿಸುತ್ತ ಹೋಗಿ, ಒಂಬತ್ತು ತಿಂಗಳು ಮುಗಿಯುವಾಗ ಬೆರಳು ವೈಶಾಖದ ಮೇಲೆ ಬಂದು ನಿಂತಿತು. ಅವಳ ಮುಖ ಸಣ್ಣದಾಯಿತು.

ನಿಂಬರ್ಗಾದ ವೈಶಾಖವೆಂದರೆ ಏನೆಂದು ಅಲ್ಲಿ ಇದ್ದವರಿಗೇ ಗೊತ್ತು. ಕರಿಮಣ್ಣು ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿರುತ್ತದೆ. ಬದುವಿನ ಮೇಲೆ ಹುಲ್ಲಿನ ಎಸಳು ಹುಡುಕಿದರೂ ಸಿಗುವುದಿಲ್ಲ. ದನಕ್ಕೆ ಉಳಿದಿರುವುದು ಜೋಳದ ಒಣ ಕಣಕಿ, ಒಂದಿಷ್ಟು ತೊಗರಿ ಹೊಟ್ಟು. ಅಂಥ ಉರಿಯಲ್ಲಿ ಈದ ಆಕಳಿನ ಕೆಚ್ಚಲಲ್ಲಿ ಹಾಲು ಎಲ್ಲಿಂದ ಬರಬೇಕು? ಹಾಲಿಲ್ಲದ ಕರು ಬೆಳೆಯುವುದು ಹೇಗೆ? ಸೊರಗಿದ ತಾಯಿ ಮತ್ತೆ ಬೆದೆಗೆ ಬರಲು ವರ್ಷ ಕಾಯಬೇಕು. ಇದನ್ನು ದ್ರೌಪದಿಗೆ ಯಾರೂ ಕಲಿಸಿರಲಿಲ್ಲ. ಹುಟ್ಟಿದಾಗಿನಿಂದ ಕಣ್ಣಾರೆ ಕಂಡಿದ್ದಳು, ಅದೂ ಬೇರೆಯವರ ದನಗಳಲ್ಲಿ.

ಬೇರೆಯವರ ದನ ಎಂದು ಒತ್ತಿ ಹೇಳಬೇಕಾಗಿದೆ. ಬೌದ್ಧರ ಓಣಿಯ ಆ ಮನೆಯ ಅಂಗಳದಲ್ಲಿ ಅವಳ ಮಾವನ ಅಪ್ಪನ ಕಾಲದಿಂದ ಒಂದು ಗೂಟವಿತ್ತು. ಮೂರು ತಲೆಮಾರು ಆ ಗೂಟಕ್ಕೆ ಕಟ್ಟಿದ ದನಗಳೆಲ್ಲ ಪಾಲಿನವು. ಮೇಯಿಸಿದವರು ಇವರು, ಸೆಗಣಿ ಬಾಚಿದವರು ಇವರು, ರೋಗ ಬಂದರೆ ನಿದ್ದೆಗೆಟ್ಟವರು ಇವರು. ದನ ಮಾತ್ರ ಊರ ಒಳಗಿನವರದ್ದು. ಶೇವ್ರಿಯೂ ಹಾಗೇ ಬಂದದ್ದು. ಬಿಳಿ ಮೈಮೇಲೆ ಕಪ್ಪು ಮಚ್ಚೆಗಳ ದೇವಣಿ ತಳಿಯ ಕಡಸನ್ನು ರೈತ ಧರ್ಮಣ್ಣ ನಾಲ್ಕು ವರ್ಷದ ಹಿಂದೆ ಅವಳ ಕೈಗೆ ಕೊಟ್ಟಿದ್ದ. ಕರಾರು ಬಾಯಿಮಾತಿನದು. ಮೊದಲ ಕರು ಮಾಲೀಕನದ್ದು, ಎರಡನೆಯದು ಸಾಕಿದವಳದ್ದು. ಆ ಎರಡನೆಯ ಕರು ಹುಲ್ಲು ಕಚ್ಚಿದ ದಿನ ತಾಯಿ ಆಕಳು ಮಾಲೀಕನ ಮನೆಗೆ ವಾಪಸು.

ಎರಡನೆಯ ಕರು ಹೆಣ್ಣಾಗಲಿ, ಆ ಗೂಟಕ್ಕೆ ಒಮ್ಮೆಯಾದರೂ ತನ್ನದೆನ್ನುವ ಆಕಳು ಬರಲಿ. ದ್ರೌಪದಿಗೆ ಬದುಕಿನಲ್ಲಿ ಇದ್ದ ಆಸೆ ಇದೊಂದೇ ಎಂದರೆ ಸುಳ್ಳಾದೀತು. ಆದರೆ ಬೇರೆ ಯಾವ ಆಸೆಯನ್ನೂ ಅವಳು ದಿನಾ ಮುಂಜಾನೆ ಕೈಮುಟ್ಟಿ ನೋಡುತ್ತಿರಲಿಲ್ಲ.

ಮೊದಲ ಕರು ಹೋರಿಗರು. ಅದು ಹುಟ್ಟಿದ್ದು ಹಿಂದಿನ ವರ್ಷದ ಭಾದ್ರಪದದಲ್ಲಿ. ಬದುವಿನ ತುಂಬ ಮೊಣಕಾಲುದ್ದ ಹುಲ್ಲು, ಮನೆಯಲ್ಲಿ ಹೊಸ ಹೆಸರುಕಾಳಿನ ಹೊಟ್ಟು. ಶೇವ್ರಿಯ ಕೆಚ್ಚಲು ನೆಲ ನೋಡುತ್ತಿತ್ತು. ತಿಂಗಳು ತುಂಬಿದಾಗ ದ್ರೌಪದಿ ಕರುವಿನ ಎದೆಯ ಸುತ್ತ ದಾರ ಹಾಕಿ ಅಳೆದರೆ ಮೂರು ಗೇಣು ನಾಲ್ಕು ಬೆರಳು. ಮಾರ್ಗಶಿರದಲ್ಲಿ ಶೇವ್ರಿ ಬೆದೆಗೆ ಬಂದಾಗಲೇ ಹೋರಿ ತೋರಿಸಿದ್ದರೆ ಎರಡನೆಯ ಕರುವೂ ಭಾದ್ರಪದದ್ದೇ ಆಗುತ್ತಿತ್ತು. ಆದರೆ ಧರ್ಮಣ್ಣ ಬೇಡವೆಂದ. ಗಬ್ಬವಾದರೆ ತಾಯಿ ಹಾಲು ಬತ್ತಿಸುತ್ತದೆ, ನನ್ನ ಕರು ಯುಗಾದಿಯತನಕ ಕುಡಿಯಲಿ ಎಂದ. ದ್ರೌಪದಿ ಎರಡು ಸಲ ಬೆದೆ ದಾಟಿಸಿದಳು. ಯುಗಾದಿ ಕಳೆಯಿತು, ಮೇವು ಮುಗಿಯಿತು, ಶೇವ್ರಿಯ ಪಕ್ಕೆಲುಬು ಕಂಡವು. ಮಳೆ ಬಿದ್ದು ಮೈ ತುಂಬುವತನಕ ಅದು ಮತ್ತೆ ಬೆದೆಗೆ ಬರಲಿಲ್ಲ.

ಈಗ ಬಂದಿತ್ತು. ತಪ್ಪು ತಿಂಗಳಲ್ಲಿ.

ರೊಟ್ಟಿ ಅರ್ಧಕ್ಕೇ ಬಿಟ್ಟು ಅವಳು ಧರ್ಮಣ್ಣನ ಮನೆಗೆ ಹೋದಳು. ಎಪ್ಪತ್ತು ದಾಟಿದ ಮುದುಕ, ಮಗ ಹೊಸದಾಗಿ ತಂದ ಟ್ರ್ಯಾಕ್ಟರಿನ ನೆರಳಿನಲ್ಲಿ ಕುಳಿತು ಎಲೆ ಹಾಕುತ್ತಿದ್ದ.

"ಮುತ್ಯಾ, ಶೇವ್ರಿ ಬೆದಿಗಿ ಬಂದದ್ರಿ. ಈಗ ಹೋರಿ ತೋರಿಸಿದ್ರ ಉರಿ ಬ್ಯಾಸಗ್ಯಾಗ ಈಯ್ತದ. ಛಟ್ಟಿ ತಿಂಗಳತನ ತಡದ್ರ ನಡೀತದೇನ್ರಿ?"

"ನಡೀತಿತ್ತವ್ವಾ, ಮಾತು ನನ್ನ ಕೈಯಾಗ ಇದ್ದಿದ್ರ," ಎಂದ ಧರ್ಮಣ್ಣ. "ನನ್ನ ಮಗ ಶ್ರೀಮಂತ ದನ ಎಲ್ಲಾ ಮಾರ್ತೇನಿ ಅಂತ ಕುಂತಾನ. ಬರೋ ಮಿರಗದ ಮಳಿತನ ಅವನ್ನ ತಡದೇನಿ. ಅದರ ಮುಂದ ನಂಗ ಕೇಳಬ್ಯಾಡ."

ಮಿರಗವೆಂದರೆ ಜೂನ್ ತಿಂಗಳು. ಛಟ್ಟಿಗೆ, ಅಂದರೆ ಮಾರ್ಗಶಿರಕ್ಕೆ ತಡೆದರೆ ಕರು ಹುಟ್ಟುವುದು ಮಿರಗ ದಾಟಿ ಮೂರು ತಿಂಗಳಿಗೆ. ಆ ಹೊತ್ತಿಗೆ ಹೊಟ್ಟೆಯೊಳಗಿನ ಕರುವಿನ ಸಮೇತ ಶೇವ್ರಿ ಯಾರ ಮನೆಯಲ್ಲಿರುತ್ತದೋ. ಕಾದರೆ ಕರುವೇ ಇಲ್ಲ, ಕಾಯದಿದ್ದರೆ ಉರಿಯ ಕರು. ದ್ರೌಪದಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಯಾವ ಕಡೆಯಿಂದ ಹಾಕಿದರೂ ಲೆಕ್ಕ ಅವಳಿಗೆ ಮೋಸ ಮಾಡಿತು. ಅದೇ ಸಂಜೆ ಗಂಡ ಧಮ್ಮಪಾಲನ ಜೊತೆ ಶೇವ್ರಿಯನ್ನು ಎರಡು ಹರದಾರಿ ನಡೆಸಿಕೊಂಡು ಪಕ್ಕದ ಊರಿನ ರಾಜೇಸಾಬರ ಹೋರಿಯ ಹತ್ತಿರ ಹೋದಳು.

ವೈಶಾಖದ ಹುಣ್ಣಿಮೆಯ ದಿನ, ಓಣಿಯವರೆಲ್ಲ ಬಿಳಿ ಬಟ್ಟೆ ಉಟ್ಟು ವಿಹಾರದಲ್ಲಿ ವಂದನೆಗೆ ಕುಳಿತಿದ್ದಾಗ, ಶೇವ್ರಿ ಈಯಿತು. ಹೆಣ್ಣುಗರು. ದ್ರೌಪದಿ ಬಿಳಿ ಸೀರೆಯಲ್ಲೇ ಓಡಿ ಬಂದು ಕರುವಿನ ಮೂಗು ಒರೆಸಿದಳು. ತಾಯಿಯ ಹಾಗೆಯೇ ಮಚ್ಚೆ, ಹಣೆಯ ಮೇಲೆ ಮಾತ್ರ ದುಂಡಗಿನ ಬಿಳಿ. ಹುಣ್ಣಿವಿ ಎಂದು ಹೆಸರಿಟ್ಟಳು. ಎತ್ತಿ ನಿಲ್ಲಿಸಲು ಹೋದರೆ ಕೈಗೆ ಭಾರವೇ ಹತ್ತಲಿಲ್ಲ. ಅವಳ ಖುಷಿ ಅಲ್ಲಿಗೇ ಅರ್ಧವಾಯಿತು.

ಧಮ್ಮಪಾಲ ಅಫಜಲಪುರದ ಕಡೆ ಕಬ್ಬು ಕಡಿಯಲು ಹೋಗುವವನು. ಭೀಮಾ ದಂಡೆಯ ಯಾರದೋ ಹೊಲದಿಂದ ಹಸಿ ಸೋಗೆಯ ಎರಡು ಹೊರೆ ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಕಂಡಕ್ಟರ್ ಬೈದದ್ದನ್ನು ಮನೆಯಲ್ಲಿ ನಗುತ್ತ ಹೇಳಿದ. ಶೇವ್ರಿ ಎರಡು ದಿನದಲ್ಲಿ ಅದನ್ನು ಮುಗಿಸಿ ಮತ್ತೆ ಒಣ ಕಣಕಿಗೆ ಬಂತು. ಕೆಚ್ಚಲು ಒಣಗಿದ ಕೈಚೀಲದಂತೆ ಜೋತಿತ್ತು. ಹುಣ್ಣಿವಿ ಗುದ್ದಿ ಗುದ್ದಿ ಕುಡಿಯುತ್ತಿತ್ತು, ನಾಲ್ಕು ಗುಟುಕಿಗೆ ಮುಗಿಯುತ್ತಿತ್ತು, ಮತ್ತೆ ಗುದ್ದುತ್ತಿತ್ತು. ಶೇವ್ರಿ ನೋವಿಗೆ ಕಾಲೆತ್ತುತ್ತಿತ್ತೇ ಹೊರತು ಕರುವನ್ನು ಒಮ್ಮೆಯೂ ಒದೆಯಲಿಲ್ಲ.

ನರೋಣಾದಿಂದ ದ್ರೌಪದಿಯ ತಂಗಿಯ ಮಗಳು ಮೈತ್ರಿ ಬಂದು ನೋಡಿದಳು. ಅವಳು ಜೇವರ್ಗಿಯಲ್ಲಿ ತರಬೇತಿ ಪಡೆದು ಪಶುಸಖಿಯಾಗಿದ್ದವಳು. ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಜಂತಿನ ಔಷಧಿ ಕುಡಿಸುವುದು, ಸಾಕುವವರಿಗೆ ತಿಳಿಸಿ ಹೇಳುವುದು ಅವಳ ಕೆಲಸ. ಕರುವಿನ ಎದೆಗೆ ದಾರ ಹಾಕಿದಳು. ತಿಂಗಳ ಕರು ಎರಡೂವರೆ ಗೇಣು ಇತ್ತು.

"ಮೂರು ತಿಂಗಳತನ ಇದಕ್ಕ ಹಾಲs ಬೇಕು ದೊಡ್ಡವ್ವಾ," ಎಂದಳು ಮೈತ್ರಿ. "ಹುಲ್ಲು ಬಾಯಾಗ ಹಾಕ್ಕೊಂಡ್ರೂ ಅರಗಿಸೋ ಹೊಟ್ಟಿ ಇನ್ನಾ ಆಗಿಲ್ಲ. ಮಳಿ ಬಿದ್ದು ಶೇವ್ರಿ ನಾಕು ದಿನ ಹಸಿ ಮೇದ್ರ ಹಾಲು ಇಳೀತದ. ಅಲ್ಲಿತನ ತಾಯಿ ಹತ್ರ ಇರಬೇಕು."

ಅಲ್ಲಿಯೇ ಇತ್ತು ತೊಡಕು. ಹುಲ್ಲು ಕಚ್ಚಿಸುವುದು ಆ ಕಡೆಯ ಹಳೆಯ ಪದ್ಧತಿ. ಮಾಲೀಕ ಬರುತ್ತಾನೆ, ಸಾಕ್ಷಿಗೆ ಊರಿನ ಒಬ್ಬ ಬರುತ್ತಾನೆ. ಕರುವಿನ ಮುಂದೆ ಒಂದು ಹಿಡಿ ಹಸಿ ಹುಲ್ಲು ಹಿಡಿಯುತ್ತಾರೆ. ಮೂಸಿ ಬಿಟ್ಟರೆ ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾರೆ. ಕಚ್ಚಿ, ಅಗಿದು, ನುಂಗಿದರೆ ಕರು ತನ್ನ ಬಾಯಿಗೆ ಬಂತು, ಇನ್ನು ತಾಯಿಯ ಹಂಗಿಲ್ಲ ಎಂದರ್ಥ. ಮಳೆಗಾಲದ ಕರುಗಳನ್ನು ನೋಡಿ ಮಾಡಿದ ಪದ್ಧತಿ ಅದು. ಮಾಲೀಕನದೇ ಆದರೂ ಮೊದಲ ಹೋರಿಗರುವಿಗೂ ಪದ್ಧತಿಯಂತೆ ಐದಾರು ಸಲ ಹುಲ್ಲು ಹಿಡಿದಿದ್ದರು. ಅದು ಪ್ರತಿ ಸಲವೂ ಮೂಸಿ, ಸೀನಿ, ಬಾಲ ಎತ್ತಿಕೊಂಡು ತಾಯಿಯ ಕಡೆ ಓಡಿಹೋಗಿತ್ತು. ಕಚ್ಚಿದ್ದು ಸಂಕ್ರಾಂತಿಗೆ.

ಮಿರಗದ ಮಳೆ ಒಂದು ಸಲ ಬಿದ್ದು ನಿಂತ ವಾರಕ್ಕೆ ಶ್ರೀಮಂತ ಹೇಳಿ ಕಳಿಸಿದ. ಖಜೂರಿಯಿಂದ ದನದ ವ್ಯಾಪಾರಿ ಸೋಮವಾರ ಗಾಡಿ ತರುತ್ತಾನೆ, ಅದಕ್ಕೂ ಮೊದಲು ಭಾನುವಾರ ಹುಲ್ಲು ಕಚ್ಚಿಸೋಣ. ಶ್ರೀಮಂತ ಕೆಟ್ಟವನಲ್ಲ. ಮಾತಿಗೆ ತಪ್ಪುವವನೂ ಅಲ್ಲ. ಕರು ಕಚ್ಚದಿದ್ದರೆ ಶೇವ್ರಿ ನಿಮ್ಮಲ್ಲೇ ಇರಲಿ, ವ್ಯಾಪಾರಿಗೆ ಉಳಿದ ದನ ಕೊಡುತ್ತೇನೆ ಎಂದೂ ಹೇಳಿಸಿದ್ದ.

ಭಾನುವಾರ ನಸುಕಿನಲ್ಲಿ ದ್ರೌಪದಿ ಒಂದು ಕೆಲಸ ಮಾಡಿದಳು. ಬೇವಿನ ಎಲೆ ಅರೆದು ರಸ ಹಿಂಡಿ, ಹುಣ್ಣಿವಿಯ ತುಟಿಗೂ ನಾಲಿಗೆಗೂ ಹಚ್ಚಿದಳು. ಇಷ್ಟು ವರ್ಷದಲ್ಲಿ ಯಾರ ಒಂದು ಹಿಡಿ ಹೊಟ್ಟನ್ನೂ ಕೇಳದೆ ಮುಟ್ಟಿದವಳಲ್ಲ ಅವಳು. ಧಮ್ಮಪಾಲನಿಗೂ ಹೇಳಲಿಲ್ಲ. ಬಾಯಿ ಕಹಿಯಾದರೆ ಕರು ಹುಲ್ಲು ಮುಟ್ಟುವುದಿಲ್ಲ, ಹದಿನೈದು ದಿನ ಸಿಗುತ್ತದೆ, ಅಷ್ಟರಲ್ಲಿ ಮಳೆ ಹಿಡಿದರೆ ಹಾಲು ಇಳಿಯುತ್ತದೆ. ಮೈತ್ರಿ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. ಕರು ತಲೆ ಕೊಡವಿ ನಾಲಿಗೆ ಹೊರಹಾಕಿತು. ದ್ರೌಪದಿ ಅದರ ಕುತ್ತಿಗೆ ತಬ್ಬಿಕೊಂಡು ತಪ್ಪಾಯಿತೆಂದು ಕೇಳಿಕೊಂಡಳು.

ಶ್ರೀಮಂತ ಬೋರಿನ ನೀರು ಹಾಯುವ ತಮ್ಮ ಹೊಲದಿಂದ ಹುಲ್ಲು ತಂದಿದ್ದ. ಸಾಕ್ಷಿಗೆ ಪರಮೇಶ ಬಂದಿದ್ದ. ಧರ್ಮಣ್ಣ ಕೋಲೂರಿಕೊಂಡು ಬಂದು ಗೂಟದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತ. ಅವನ ಕೈ ನಡುಗುತ್ತಿದ್ದುದರಿಂದ ಹುಲ್ಲು ಹಿಡಿದವನು ಶ್ರೀಮಂತ.

ಹುಣ್ಣಿವಿ ಮೂಸಿತು. ನಾಲಿಗೆಯಿಂದ ತನ್ನ ತುಟಿ ನೆಕ್ಕಿಕೊಂಡು ತಲೆ ಕೊಡವಿತು. ಕರು ಮತ್ತೊಮ್ಮೆ ಮೂಸಿತು. ಆಮೇಲೆ ಕುತ್ತಿಗೆ ಚಾಚಿ ಹುಲ್ಲನ್ನು ಕಚ್ಚಿ ಎಳೆಯಿತು. ಗಬಗಬನೆ ಅಗಿಯಿತು. ನುಂಗಿತು. ಶ್ರೀಮಂತನ ಬೆರಳ ಸಂದಿಯಲ್ಲಿ ಉಳಿದ ಎಸಳುಗಳಿಗೂ ಬಾಯಿ ಹಾಕಿತು. ಹಲ್ಲು ಸರಿಯಾಗಿ ಹೊರಬಾರದ ಬಾಯಿ ಅದು, ಹಸಿರು ಜೊಲ್ಲು ಗದ್ದದಿಂದ ಇಳಿಯಿತು.

ಹಾಲುಂಡು ಸೊಕ್ಕಿದ ಕರು ನಾಲ್ಕು ತಿಂಗಳು ಹುಲ್ಲು ಮೂಸಿ ಬಿಟ್ಟಿತ್ತು. ಹಸಿದು ಕಂಗಾಲಾದ ಕರು ಐದು ವಾರಕ್ಕೆ, ಕಹಿ ಬಾಯಲ್ಲೇ ಕಚ್ಚಿಬಿಟ್ಟಿತು. ಪದ್ಧತಿಯ ಪ್ರಕಾರ ಗಟ್ಟಿಯಾದದ್ದು ಇದೇ. ಆ ಪದ್ಧತಿ ಮಾಡಿದ ಹಿರಿಯರು ಆ ಹೊತ್ತಿಗೆ ಎದುರು ಸಿಕ್ಕಿದ್ದರೆ ದ್ರೌಪದಿ ಏನು ಅನ್ನುತ್ತಿದ್ದಳೋ.

"ಇದು ಹೊಟ್ಟಿ ತುಂಬಿ ಕಚ್ಚಿದ್ದಲ್ಲರಿ," ಎಂದಳು. "ಹಾಲಿಲ್ಲ ಇದಕ್ಕ. ಇನ್ನೊಂದು ತಿಂಗಳು ಬಿಡ್ರಿ, ನಾನs ಬಂದು ಹಗ್ಗ ಕೊಡ್ತೇನಿ."

ಶ್ರೀಮಂತ ನೆಲ ನೋಡಿದ. "ಅಕ್ಕಾ, ಕಚ್ಚಿರಲಿಲ್ಲಂದ್ರ ನಾ ಒಂದು ಮಾತೂ ಆಡತಿರಲಿಲ್ಲ. ಕಚ್ಚದ. ಪರಮೇಶಣ್ಣನೂ ನೋಡ್ಯಾನ. ನಾಳಿ ಗಾಡಿ ಬರ್ತದ."

ದ್ರೌಪದಿ ಧರ್ಮಣ್ಣನ ಕಡೆ ತಿರುಗಿದಳು. ಮುದುಕ ಕರುವಿನ ಮೂತಿಯ ಜೊಲ್ಲನ್ನು ಅಂಗೈಯಿಂದ ಒರೆಸುತ್ತಿದ್ದ. ಆ ಕೈಯನ್ನು ಮೂಗಿನ ಹತ್ತಿರ ಒಯ್ದ. ಅವಳನ್ನೊಮ್ಮೆ ನೋಡಿದ. ಕೋಲು ಹುಡುಕಿಕೊಂಡು ಎದ್ದ.

ಮರುದಿನ ಶೇವ್ರಿ ಗಾಡಿ ಹತ್ತಿತು. ಹತ್ತುವಾಗ ಒದರಿತು, ಹುಣ್ಣಿವಿಯೂ ಒದರಿತು. ಗಾಡಿ ಊರ ಅಗಸಿ ಬಾಗಿಲು ದಾಟಿದ ಮೇಲೂ ಕರು ಆ ಕಡೆಗೇ ಕಿವಿ ಮಾಡಿ ನಿಂತಿತ್ತು. ದ್ರೌಪದಿ ಅತ್ತಳು. ಯಾರು ನೋಡುತ್ತಾರೆ, ಬಿಡುತ್ತಾರೆ ಎಂದು ಯೋಚಿಸದೆ ಗೂಟದ ಹತ್ತಿರ ಕುಳಿತು ಅತ್ತಳು. ಮೂರು ತಲೆಮಾರಿನ ಮೇಲೆ ಆ ಗೂಟಕ್ಕೆ ಮನೆಯ ಸ್ವಂತ ಜೀವವೊಂದು ಬಂದಿತ್ತು. ಅದು ಬದುಕುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಬದುಕಿತು. ಹೇಗೆಂದು ಕೇಳಿದರೆ ಅವಳಿಗೇ ಪೂರ್ತಿ ಹೇಳಲು ಬರುವುದಿಲ್ಲ. ಹಿಂದಿನ ಓಣಿಯ ಗೌಸಿಯಾಬೇಗಂ ತನ್ನ ಮೇಕೆಯ ಹಾಲು ದಿನಾ ಒಂದು ತಂಬಿಗೆ ಕೊಟ್ಟಳು. ಉಳಿದ ಹೊತ್ತಿಗೆ ಜೋಳದ ಅಂಬಲಿ. ಒಂದು ತಿಂಗಳು ಭೇದಿಯಾಗಿ ನೆಲ ಹಿಡಿದಾಗ ಮೈತ್ರಿ ನರೋಣಾದಿಂದ ದಿನಾ ಬಸ್ಸಿಗೆ ಬಂದು ಹೋದಳು. ಹುಣ್ಣಿವಿ ಎದ್ದಿತು, ಆದರೆ ಬೆಳೆಯಲು ಮರೆತಂತೆ ಉಳಿಯಿತು. ಅದೇ ತಾಯಿಯ ಭಾದ್ರಪದದ ಕರು ಎರಡು ವರ್ಷ ತುಂಬುವ ಮೊದಲೇ ಭುಜ ಉಬ್ಬಿ ನಿಂತಿದ್ದನ್ನು ಊರೆಲ್ಲ ನೋಡಿತ್ತು. ಇದು ಎರಡು ವರ್ಷಕ್ಕೂ ವರ್ಷದ ಕರುವಿನಂತಿತ್ತು. ಓರಗೆಯ ಕಡಸುಗಳು ಈದವು. ಹುಣ್ಣಿವಿಗೆ ಬೆದೆಯ ಸುಳಿವೇ ಇರಲಿಲ್ಲ. ಗೊಡ್ಡು ಸಾಕುತ್ತಿದ್ದಾಳೆ ಎಂದು ಓಣಿಯ ಹೆಂಗಸರು ಮೂಗು ಮುರಿದರು. ದ್ರೌಪದಿ ಕೇಳಿಸಿಕೊಂಡೇ ಅದಕ್ಕೆ ಮೇವು ಹಾಕುತ್ತಿದ್ದಳು.

ನಾಲ್ಕು ವರ್ಷ ತುಂಬಿದ ಮೇಲೆ ಬಂದ ಶ್ರಾವಣದಲ್ಲಿ, ಒಂದು ಮುಂಜಾನೆ, ಹುಣ್ಣಿವಿ ಹಗ್ಗ ಜಗ್ಗಿ ಒದರಿತು.

ಧಮ್ಮಪಾಲ ಕುಣಿಯುವುದೊಂದು ಬಾಕಿ. ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಟೇ ನಿಂತ. "ನಡಿ ಬೇ, ರಾಜೇಸಾಬನ ಹೋರಿ ಕಡಿ ಹೋಗಮು."

"ಇಲ್ಲ," ಎಂದಳು ದ್ರೌಪದಿ. "ಛಟ್ಟಿತನ ಇಲ್ಲ."

"ತಲಿ ಕೆಟ್ಟದೇನ ನಿಂದು? ನಾಕು ವರ್ಷಕ್ಕ ಒಮ್ಮಿ ಬಂದದ. ಇನ್ನ ಬರದಿದ್ರ?"

"ಬರದಿದ್ರ ಗೊಡ್ಡs ಸಾಕ್ತೇನಿ. ಉರ್ಯಾಗ ಈಯಿಸಂಗಿಲ್ಲ."

ಹೇಳುವುದು ಸುಲಭವಾಗಿತ್ತು. ಇಪ್ಪತ್ತೊಂದು ದಿನಕ್ಕೆ ಹುಣ್ಣಿವಿ ಮತ್ತೆ ಒದರಿತು, ಮತ್ತೆ ಇಪ್ಪತ್ತೊಂದು ದಿನಕ್ಕೆ. ಒದರಿದಾಗಲೆಲ್ಲ ದ್ರೌಪದಿ ಹಗ್ಗ ಬಿಗಿದು ಕಟ್ಟಿ ಒಳಗೆ ಹೋಗಿ ಕುಳಿತುಬಿಡುತ್ತಿದ್ದಳು. ಕಾರ್ತೀಕದಲ್ಲಿ ಒದರಲಿಲ್ಲ. ಮೂರು ವಾರ ಕಳೆದವು, ನಾಲ್ಕು ಕಳೆದವು, ಆಕಳು ಸುಮ್ಮನೆ ಮೇಯುತ್ತಿತ್ತು. ಧಮ್ಮಪಾಲ ಮಾತು ಬಿಟ್ಟ. ದ್ರೌಪದಿಗೆ ಊಟ ಸೇರದಾಯಿತು. ಆಸೆಪಟ್ಟು ಅವಸರ ಮಾಡಿ ಒಂದು ಸಲ ಕೆಡಿಸಿದ್ದೆ, ಹಟ ಮಾಡಿ ತಡೆದು ಈ ಸಲವೂ ಕೆಡಿಸಿದೆನೇ ಎಂದು ಮೈತ್ರಿಗೆ ಫೋನ್ ಮಾಡಿ ಕೇಳಿದಳು. ಮೈತ್ರಿ ಖಾತ್ರಿ ಏನೂ ಕೊಡಲಿಲ್ಲ. ಚೆನ್ನಾಗಿ ಮೇಯಿಸು, ಕಾಯಿ ಅಂದಳು.

ಮಾರ್ಗಶಿರದಲ್ಲಿ, ತೊಗರಿ ಕೊಯ್ಲಿಗೆ ಹೊರಟ ಹೊತ್ತಿನಲ್ಲಿ, ಹುಣ್ಣಿವಿ ಒದರಿತು. ದ್ರೌಪದಿ ಕುಡುಗೋಲು ಅಲ್ಲೇ ಇಟ್ಟು, ಗಂಡನಿಗೂ ಕಾಯದೆ, ಆಕಳಿನ ಹಗ್ಗ ಹಿಡಿದು ಎರಡು ಹರದಾರಿ ಒಬ್ಬಳೇ ನಡೆದಳು.

ಭಾದ್ರಪದದಲ್ಲಿ ಹುಣ್ಣಿವಿ ಈಯಿತು. ಹೆಣ್ಣುಗರು. ಎತ್ತಲು ಹೋದರೆ ದ್ರೌಪದಿಯ ನಡು ಹಿಡಿಯಿತು. ಆ ಭಾರಕ್ಕೆ ಅವಳು ನಕ್ಕಳು. ತಾಯಿ ಕುಳ್ಳಾದರೂ ಬದುವಿನ ಹುಲ್ಲು ಮೇದು ಕೆಚ್ಚಲು ತುಂಬಿಕೊಂಡಿತ್ತು. ಕರು ಕುಡಿದು, ಕುಡಿದು ಸಾಕಾಗಿ, ಬಾಯಿಯಂಚಿನ ನೊರೆಯೊಂದಿಗೇ ಮಲಗುತ್ತಿತ್ತು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಧರ್ಮಣ್ಣ ಬಂದ. ಈಗ ಅವನ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತಿತ್ತು, ದನವೊಂದೂ ಇರಲಿಲ್ಲ. ಕಣ್ಣು ಮಬ್ಬಾಗಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ದಾರಿಯಲ್ಲಿ ಕಿತ್ತ ಒಂದು ಹಿಡಿ ಹಸಿ ಹುಲ್ಲು. ಗೂಟದ ಹತ್ತಿರ ಅಂದು ಕುಳಿತ ಜಾಗದಲ್ಲೇ ಕುಳಿತ.

"ಅವತ್ತ ಇದರ ಬಾಯಾಗ ಬೇವಿನ ವಾಸನಿ ಇತ್ತು," ಎಂದ ಹುಣ್ಣಿವಿಯ ಕಡೆ ನೋಡುತ್ತ.

ದ್ರೌಪದಿ ತಲೆ ತಗ್ಗಿಸಿದಳು. "ಹೌದ್ರಿ. ನಾನs ಹಚ್ಚಿದ್ದೆ."

"ಗೊತ್ತಾತು. ಕಹಿ ಬಾಯಾಗ ಹುಲ್ಲು ಕಚ್ಚಬೇಕಂದ್ರ ಅದಕ್ಕ ಎಷ್ಟ ಹಸಿವಿತ್ತು ಅನ್ನೋದೂ ಗೊತ್ತಾತು. ನನ್ನ ಕರೂಗ ಹಾಲು ಬೇಕಂತ ನಿನ್ನ ತಡದಂವ ನಾನು. ಮಗನ ಮುಂದ ಬಾಯಿ ಬರಲಿಲ್ಲ."

"ಅವತ್ತ ಹೇಳಬೇಕಾಗಿತ್ತು ಮುತ್ಯಾ," ಎಂದಳು ದ್ರೌಪದಿ. ಇಷ್ಟು ವರ್ಷದ ಸಿಟ್ಟು ಆ ಮಾತಿನಲ್ಲಿ ಇತ್ತು. ಅದನ್ನು ಅವಳು ಮುಚ್ಚಲಿಲ್ಲ.

"ಹೌದವ್ವಾ. ಹೇಳಬೇಕಾಗಿತ್ತು."

ಅವನು ನಡುಗುವ ಕೈಯಿಂದ ಹುಲ್ಲನ್ನು ಕರುವಿನ ಮುಂದೆ ಹಿಡಿದ. ಸಾಕ್ಷಿಗೆ ಯಾರೂ ಇರಲಿಲ್ಲ, ಕರಾರೂ ಇರಲಿಲ್ಲ. ಆದರೂ ದ್ರೌಪದಿ ಕರುವಿನ ಬಾಯಿಯನ್ನೇ ನೋಡಿದಳು. ಕರು ಎರಡು ಹೆಜ್ಜೆ ಬಂದು ಮೂಸಿತು. ಸೀನಿತು. ಬಾಲ ಎತ್ತಿಕೊಂಡು ತಿರುಗಿ ತಾಯಿಯ ಹೊಟ್ಟೆಯಡಿ ನುಗ್ಗಿ, ಒಂದೇ ಒಂದು ಸಲ ಗುದ್ದಿ ಕುಡಿಯತೊಡಗಿತು. ಹಾಲಿನ ಗುಟುಕು ಕೇಳಿಸುತ್ತಿತ್ತು.

ದ್ರೌಪದಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಧರ್ಮಣ್ಣನ ಕೈ ಹಾಗೇ ಚಾಚಿಕೊಂಡಿತ್ತು. ಹುಣ್ಣಿವಿ ಕುತ್ತಿಗೆ ಚಾಚಿ, ಆ ಕೈಯಲ್ಲಿದ್ದ ಹುಲ್ಲನ್ನು ತಾನೇ ನಿಧಾನವಾಗಿ ತಿಂದಿತು.